ಎರಡನೆಯ ಹಿಡಿ

ಹುಚ್ಚಯ್ಯ ಎರಡನೆಯ ಕೊಡವನ್ನು ಹೆಣದ ನೆತ್ತಿಯ ಮೇಲೆತ್ತಿದ್ದ. ಅಷ್ಟರಲ್ಲಿ ಕೇರಿಯ ಯಜಮಾನ ದೊಡ್ಡಯ್ಯ ಕೋಲೂರಿಕೊಂಡು ಅಂಗಳಕ್ಕೆ ಬಂದು, "ಅದ ಕೆಳಗಿಡ್ಲಾ" ಎಂದ.

"ಯಾಕಣ್ಣ?"

"ಇಡು ಅಂದ್ನಲ್ಲ. ನೀರು ಉಯ್ಯೋದು ಯಾರಿಗೆ ಅಂತ ಮೊದ್ಲು ಇತ್ಯರ್ಥ ಆಗ್ಲಿ."

"ಯಾರಿಗೆ ಅಂದ್ರೆ? ನಮ್ಮಣ್ಣಂಗೆ."

"ನಿಮ್ಮಣ್ಣಂಗೆ ಅದಿನೈದು ವರ್ಸದ ಇಂದೇನೆ ಉಯ್ದಾಯ್ತಲ್ಲೋ. ಮಣ್ಣೂ ಆಯ್ತು, ಹಾಲು ತುಪ್ಪಾನೂ ಆಯ್ತು. ಅವನ ತಿಥಿ ಊಟ ಉಂಡು ಕೈ ತೊಳ್ಕಂಡಿವ್ನಿ ನಾನು."

ತಮಟೆ ಕಾಯಿಸಲು ಹಾಕಿದ್ದ ತರಗಿನ ಬೆಂಕಿ ಚಟಚಟ ಎನ್ನುತ್ತಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ಕೆಂಚಯ್ಯನ ಗಲ್ಲದಿಂದ ಮೊದಲ ಕೊಡದ ನೀರು ಇನ್ನೂ ತೊಟ್ಟಿಕ್ಕುತ್ತಲೇ ಇತ್ತು.

ಸಣ್ಣಕ್ಕ ಸೀಗೆಪುಡಿಯ ಬಟ್ಟಲು ಹಿಡಿದು ಗಂಡನ ಪಕ್ಕದಲ್ಲಿ ನಿಂತಿದ್ದಳು. ಕೋಳಿ ಕೂಗುವ ಹೊತ್ತಿಗೆ ಅವನ ಉಸಿರು ನಿಂತಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ನೆರೆಮನೆಯ ಬೆಟ್ಟಮ್ಮ ಎರಡು ಸಲ ರಟ್ಟೆ ಹಿಡಿದು ಅಲುಗಿಸಿದ್ದಳು. "ಅತ್ಬುಡೆ ತಾಯಿ, ಎದೆ ಕಟ್ಕಂತದೆ" ಎಂದು ಬೇಡಿದ್ದಳು. "ಬರಾಕಿಲ್ಲ ಬೆಟ್ಟಕ್ಕ. ಆಗ್ಲೇ ಅತ್ತಾಗದೆ" ಎಂದಷ್ಟೇ ಸಣ್ಣಕ್ಕ ಹೇಳಿದ್ದಳು. ಈಗಲೂ ಯಜಮಾನನ ಮಾತು ಬೇರೆ ಯಾರದೋ ಮನೆಯ ಪಂಚಾಯಿತಿಯಂತೆ ಅವಳ ಕಿವಿಗೆ ಬೀಳುತ್ತಿತ್ತು.

"ಸತ್ತೋನು ಎದ್ದು ಬಂದ. ಸರಿ, ಬಂದ" ಎಂದು ದೊಡ್ಡಯ್ಯ ಜಗಲಿಯ ಮೇಲೆ ಕುಳಿತ. "ಕೇರಿಗೆ ಕೂಡಿಸ್ಕತೀವಿ, ತಪ್ಪಾಯ್ತು ಅನ್ನು ಅಂದ್ವಿ. ಅಂದ್ನಾ? ಅನ್ನಲಿಲ್ಲ. ಲೆಕ್ಕಕ್ಕೆ ಅವನು ಇನ್ನೂ ಸತ್ತೋನೇ. ಸತ್ತೋನ್ನ ಇನ್ನೊಂದ್ಸಲ ಮಣ್ಣು ಮಾಡಿದ್ರೆ ಕೇರಿಗೆ ಒಳ್ಳೇದಾದಾತಾ?"

"ಅಂಗಾರೆ ಏನ್ಮಾಡಾನ? ಇಂಗೇ ಕೂರ್ಸಿ ಬುಡಾನಾ?" ಹುಚ್ಚಯ್ಯನ ದನಿ ಏರಿತು.

"ಕೋಡಿಯಿಂದಾಚೆ ಎತ್ಕಂಡೋಗಿ ಇಟ್ಬುಡಿ. ತಮಟೆ ಬ್ಯಾಡ, ಬಾಯಕ್ಕಿ ಬ್ಯಾಡ. ಇಲ್ಲಾಂದ್ರೆ" ಎಂದು ದೊಡ್ಡಯ್ಯ ಸಣ್ಣಕ್ಕನ ಕಡೆ ತಿರುಗಿದ. "ಒಂದು ಮಾತು ಸಣ್ಣಕ್ಕ. ಅವನ ಬದ್ಲು ನೀನು ತಪ್ಪಾಯ್ತು ಅಂದ್ಬುಡು, ಸಾಕು. ನಿನ್ ಮಗಳ ಸಲುವಾಗಿ ಏಳ್ತಾವ್ನಿ. ದುದ್ದದ ಕಡೆಯೋರು ಹೆಣ್ಣು ಕೇಳ್ಕಂಡು ಬಂದವ್ರೆ. ಪಾರ್ವತಿ ಯಾರ ಮಗಳು ಅಂದ್ರೆ ಸತ್ತೋನ ಮಗಳು ಅನ್ನಾನಾ?"

ಹದಿಮೂರು ತುಂಬಿದ ಪಾರ್ವತಿ ಬಾಗಿಲಲ್ಲಿ ನಿಂತಿದ್ದಳು. ಅವಳು ತಲೆ ತಗ್ಗಿಸಲಿಲ್ಲ, ತಾಯಿಯನ್ನೇ ನೋಡಿದಳು.

* * *

ಕೆಂಚಯ್ಯ ದಂಡಿಗೆ ಸೇರಿದ್ದು ಜರ್ಮನಿ ಯುದ್ಧದ ಕಾಲದಲ್ಲಿ. ಬರ್ಮಾದ ಕಾಡಿನಲ್ಲಿ ದಾರಿ ಕಡಿಯುವ ಪಡೆ. ಆ ಕೇರಿಯಲ್ಲಿ ಕಾಲಿಗೆ ಬೂಟು ಕಂಡ ಮೊದಲ ಗಂಡಸು ಅವನೇ. ರಜಕ್ಕೆ ಬಂದಾಗ ಹಳ್ಳಿಮೈಸೂರಿನ ಸಂತೆಯ ನಡುವೆ ಬೂಟು ಕಟ್ಟಿಕೊಂಡು ಅವನು ನಡೆದದ್ದನ್ನು, ಮೆಟ್ಟು ಬಿಡು ಎಂದು ಯಾರೂ ಗದರಿಸದೆ ಹೋದದ್ದನ್ನು, ದೊಡ್ಡಯ್ಯ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ.

ಯುದ್ಧ ಮುಗಿಯಿತು. ಉಳಿದವರೆಲ್ಲ ಬಂದರು, ಅವನು ಬರಲಿಲ್ಲ. ತಿಂಗಳ ಮನಿಯಾರ್ಡರು ನಿಂತಿತು. ಬರೆಸಿ ಹಾಕಿದ ಕಾಗದಗಳಿಗೆ ಉತ್ತರವಿಲ್ಲ. ಅವನ ಪಡೆಯಲ್ಲೇ ಇದ್ದ ಅರಕಲಗೂಡಿನ ಕಡೆಯ ಒಬ್ಬನನ್ನು ಹುಚ್ಚಯ್ಯ ಹುಡುಕಿಕೊಂಡು ಹೋಗಿ ಕೇಳಿದ. ಬೊಂಬಾಯಿಯ ಬಂದರಿನ ತನಕ ಜೊತೆಗಿದ್ದ, ನನ್ನನ್ನು ಊರಿಗೆ ಕಳಿಸಿದರು, ಅವನ ಸುದ್ದಿ ತಿಳಿಯದು ಎಂದನಂತೆ. ಎರಡನೆಯ ವರ್ಷ ಕೇರಿಯಲ್ಲಿ ಎಳೆಗೂಸು ಎರಡು ಹೋದವು. ಕಣಿ ಹೇಳುವವಳು ಬಂದು, ಮಣ್ಣು ಕಾಣದ ಜೀವವೊಂದು ಕೇರಿಯ ಬಾಗಿಲಲ್ಲಿ ನಿಂತಿದೆ ಎಂದಳು.

ಹೆಣ ಸಿಕ್ಕದವನಿಗೆ ಗೊಂಬೆ ಮಾಡಿ ಹೂಳುವುದು ಹಿಂದಿನಿಂದ ಬಂದದ್ದು. ಹುಲ್ಲಿನ ಗೊಂಬೆಗೆ ಅವನ ಮದುವೆಯ ಅಂಗಿ ತೊಡಿಸಿದರು, ಅಪ್ಪನ ಗುಂಡಿಯ ಪಕ್ಕದಲ್ಲಿ ಇಳಿಸಿದರು. ಸಣ್ಣಕ್ಕನಿಗೆ ಆಗ ಹತ್ತೊಂಬತ್ತು. ಮೊದಲ ಹಿಡಿ ಮಣ್ಣು ನಿನ್ನದು ಎಂದರು, ಹಾಕಿದಳು. ಅವತ್ತು ಅವಳು ಅತ್ತ ಅಳು ಹೊಳೆಯಾಚೆಯ ಊರಿಗೂ ಕೇಳಿತ್ತು ಎಂದು ಬೆಟ್ಟಮ್ಮ ಈಗಲೂ ಹೇಳುತ್ತಾಳೆ.

ಅದಾಗಿ ಏಳನೆಯ ತಿಂಗಳಿಗೆ ಬರಿಗಾಲಲ್ಲಿ ಕೆಂಚಯ್ಯ ಬಂದು ನಿಂತ. ಸಣ್ಣಕ್ಕ ತೂರುತ್ತಿದ್ದ ಮೊರ ಕೆಳಗಿಡಲಿಲ್ಲ. ಉಳಿದ ರಾಗಿಯನ್ನೆಲ್ಲ ತೂರಿ ಮುಗಿಸಿ, ಆಮೇಲೆ "ನೀರು ಕುಡೀತೀಯಾ" ಎಂದು ಕೇಳಿದಳು.

* * *

"ಏಳಮ್ಮ, ತಪ್ಪಾಯ್ತು ಅಂದ್ಬುಡು. ಬಿಸಿಲೇರ್ತಾ ಐತೆ" ಎಂದು ಯಾರೋ ಹಿಂದಿನಿಂದ ಅಂದರು. ರಾಗಿ ಕೊಯ್ಲಿನ ದಿನ. ಗಂಡಸರೆಲ್ಲ ಕುಡುಗೋಲು ಹೊಲದಲ್ಲೇ ಬಿಟ್ಟು ಬಂದಿದ್ದರು.

"ಅವಳೇನು ಏಳ್ತಾಳೆ?" ಎಂದ ನಂಜಯ್ಯ. ಅವನ ಮಗ ಪುಟ್ಟರಾಜು ಸಿಪಾಯಿಯಾಗಿ ಹೋಗಿ ವರ್ಷವಾಗಿತ್ತು. ಚೀನಾದವರು ನುಗ್ಗಿದ ಸುದ್ದಿ ಬಂದ ಮೇಲೆ ಮಗನ ಕಾಗದ ಬಂದಿರಲಿಲ್ಲ. ದಿನವೂ ಹಳ್ಳಿಮೈಸೂರಿಗೆ ನಡೆದು ಹೋಟೆಲಿನ ರೇಡಿಯೋದ ಮುಂದೆ ನಿಂತು ಬರುತ್ತಿದ್ದ, ಕಣ್ಣು ಕೆಂಪಗಾಗಿದ್ದವು. "ನನ್ ಮಗ ಅಲ್ಲಿ ಇಮದಾಗೆ ನಿಂತವ್ನೆ. ದಂಡು ಬುಟ್ಟು ಓಡ್ಬಂದೋನ್ನ ಇಲ್ಲಿ ತಮಟೆ ಬಡ್ಕಂಡು ಹೊರ್ಬೇಕಾ ನಾವು? ನಾನಂತೂ ಹೆಗಲು ಕೊಡಾಕಿಲ್ಲ."

"ಸುಮ್ಕಿರೋ ನಂಜ" ಎಂದಳು ಬೆಟ್ಟಮ್ಮ. "ನಿನ್ ಮಗನ್ನ ದಂಡಿಗೆ ಸೇರ್ಸಾಕೆ ಹಾಸನಕ್ಕೆ ಕರ್ಕಂಡೋದೋನು ಯಾರ್ಲಾ? ಎದೆ ಅಳೆಯೋವಾಗ ಎಂಗೆ ಉಸಿರು ಇಡ್ಕಬೇಕು ಅಂತ ಇದೇ ಅಂಗಳದಾಗೆ ಕಲಿಸಿಕೊಟ್ಟೋನು ಯಾರು? ನೀನಾ? ನಿನ್ ಎದೆ ಅಳೆದಿದ್ರೆ ಟೇಪೇ ಜಾರೋಗದು."

ಒಂದಿಬ್ಬರು ನಕ್ಕರು, ನಕ್ಕದ್ದು ತಪ್ಪೆನಿಸಿ ಕೆಮ್ಮಿದರು. ನಂಜಯ್ಯ ಹೆಗಲ ಮೇಲಿನ ಟವೆಲು ಕೊಡವಿದ. "ಕಲ್ಸಿದ್ದು ನಿಜ. ಇಲ್ಲ ಅನ್ನಾಕಿಲ್ಲ. ಅದಕ್ಕೇ ಕೇಳದು. ನನ್ ಮಗ ದಂಡಿಗೆ ಓಗಬೋದು, ಇವನು ದಂಡಿನಾಗೆ ಯಾಕೆ ನಿಲ್ನಿಲ್ಲ?"

ನಂಜಯ್ಯ ಅಂಗಳ ದಾಟಿ ಹೊಲದ ಕಡೆ ಹೊರಟುಹೋದ.

* * *

ಕೇರಿಗೆ ಕೂಡಿಸಿಕೊಳ್ಳುವ ಶಾಸ್ತ್ರಕ್ಕೆ ಎಕ್ಕದ ಕಡ್ಡಿ ಸುಟ್ಟು ನಾಲಿಗೆಗೆ ಮುಟ್ಟಿಸುತ್ತಾರೆ. ಕೆಂಚಯ್ಯ ಬಂದ ವಾರದಲ್ಲೇ ಮಾರಿಗುಡಿಯ ಮುಂದೆ ಜನ ಕೂಡಿತು. ಅವನು ನಾಲಿಗೆ ಚಾಚಿದ, ಸುಡಿಸಿಕೊಂಡ. ಇನ್ನು ಕೇರಿಯ ಮುಂದೆ ಅಡ್ಡಬಿದ್ದು ತಪ್ಪಾಯ್ತು ಅನ್ನು ಎಂದರು.

"ಯಾವುದು ತಪ್ಪು?" ಎಂದು ಕೇಳಿದ. ಸುಟ್ಟ ನಾಲಿಗೆ, ಮಾತು ತೊದಲುತ್ತಿತ್ತು. "ಸತ್ತದ್ದಾ, ಬದುಕಿದ್ದಾ?"

"ದಂಡು ಬುಟ್ಟು ಓಡ್ಬಂದದ್ದು" ಎಂದ ದೊಡ್ಡಯ್ಯ. "ನಮ್ ಕೇರಿಯಿಂದ ಬೂಟಾಕ್ಕಂಡು ಓದ ಮೊದಲ್ನೇವನು ನೀನು ಕಣ್ಲಾ. ಇನ್ಮೇಲೆ ನಮ್ಮ ಹೈಕ್ಳ ಯಾರು ತಗತಾರೆ?"

"ಓಡ್ನಿಲ್ಲ ಕಣಣ್ಣೋ. ಕುಂತ್ಕಂಡೆ."

ಅಷ್ಟೇ. ಅಡ್ಡಬೀಳದೆ ಮನೆಯ ಕಡೆ ನಡೆದ. ಶಾಸ್ತ್ರ ಅರ್ಧಕ್ಕೆ ನಿಂತಿತು. ಅಂದಿನಿಂದ ಹಬ್ಬದ ವೀಳ್ಯದಲ್ಲಿ ಅವನ ಹೆಸರು ಕೂಗಲಿಲ್ಲ. ಅಪ್ಪನ ಎಡೆಯನ್ನು ತಮ್ಮ ಹುಚ್ಚಯ್ಯನೇ ಇಟ್ಟ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಕೆಲಸ ಮಾತ್ರ ಅವನ ಪಾಲಿಗೆ ಬಂತು. ನೀರಿಗಿಳಿಯಲು ಬದುಕಿದವನೇ ಬೇಕೆಂದು ಯಾರೂ ಕೇಳಲಿಲ್ಲ. ಹದಿನಾಲ್ಕು ವರ್ಷ ಇಳಿದ. ಮೊನ್ನೆಯೂ ಎದೆಮಟ್ಟ ನೀರಲ್ಲಿ ನಿಂತು ತೂಬಿಗೆ ಸಿಕ್ಕಿದ ಕೊರಡು ತೆಗೆದು ಬಂದು ಜ್ವರ ಎಂದು ಮಲಗಿದ, ಮೂರೇ ದಿನ.

ಸಣ್ಣಕ್ಕನಿಗೆ ಅವನು ಹೇಳಿದ್ದು ಒಂದೇ ಸಲ, ಪಾರ್ವತಿ ಹುಟ್ಟಿದ ಮೇಲೆ, ತೂಬಿನ ಕಲ್ಲಿನ ಮೇಲೆ ಅವಳು ತಂದ ಮುದ್ದೆ ಉಣ್ಣುತ್ತ.

"ಯುದ್ಧ ಮುಗೀತು, ಮನೆಗೋಯ್ತೀವಿ ಅಂದ್ಕಂಡು ಬೊಂಬಾಯಿಗೆ ಬಂದ್ವಿ. ಅಲ್ಲಿ ನೋಡಿದ್ರೆ ಇನ್ನೊಂದು ಹಡಗು. ಜಾವಾ ಅಂತ ಒಂದು ಸೀಮೆ ಐತಂತೆ. ಅಲ್ಲಿ ಜನ ನಮ್ಮೂರು ನಮಗೆ ಬುಡಿ ಅಂತಾವ್ರಂತೆ. ಅವರನ್ನ ಬಡಿಯಾಕೆ ನಾವು. ನಾನು ರುಜು ಆಕಿದ್ದು ಜಪಾನಿನೋನ ಮೇಲೆ, ಇವರ ಮೇಲಲ್ಲ. ಗುಡಿ ಗ್ವಾಡೆಯಾಚೆ ನಿಂತು ಪುರಾಣ ಕೇಳಿವ್ನಲ್ಲ ನಾನು, ಕತೇಲೂ ಯುದ್ಧಕ್ಕೆ ಮುಂಚೆ ಸಂಧಾನ ಅಂತ ಒಂದು ಇರ್ತದೆ. ನ್ಯಾಯ ಯಾವ ಕಡೆ ಅಂತ ಒಂದು ಮಾತು ಆಡ್ತಾರೆ. ನಮಗೆ ಹಡಗೇ ಮೊದ್ಲು ಬಂತು. ಅನ್ನೊಂದು ಜನ ಹಡಗು ಹತ್ದೆ ಬಂದರಿನ ಕಟ್ಟೆ ಮೇಲೆ ಕುಂತ್ಕಂಡ್ವಿ. ಸಾಹೇಬ ಬಂದು ಪಿಸ್ತೂಲು ತೋರಿಸ್ದ. ಅದಕ್ಕೂ ಮೇಲಕ್ಕೇಳ್ನಿಲ್ಲ. ಎರಡು ವರ್ಸ ಜೈಲು. ಬೂಟು ಬಿಚ್ಚಿಸ್ಕಂಡ್ರು."

"ಇದ್ನೇ ಅವತ್ತು ಕೇರಿ ಮುಂದೆ ಏಳ್ಬಾರದಿತ್ತಾ?" ಎಂದು ಸಣ್ಣಕ್ಕ ಕೇಳಿದ್ದಳು.

ಅವನು ಕೊನೆಯ ತುತ್ತು ನುಂಗಿ ಕೈ ತೊಳೆದ. "ತಪ್ಪು ಅಂದೋರ ಮುಂದೆ ಏಳಿದ್ರೆ ಸಬೂಬು ಆಯ್ತದೆ" ಎಂದ.

* * *

ಒಂದು ಮಾತು. ಸಣ್ಣಕ್ಕ ಅದನ್ನು ಬಾಯೊಳಗೇ ಇಟ್ಟುಕೊಂಡು ನೋಡಿದಳು. ಹಗುರವಾದ ಮಾತು. ನೆಲಕ್ಕೆ ಬಿದ್ದ ಕಾಳು ಹೆಕ್ಕಿದಷ್ಟು ಸಲೀಸು. ಅಂದರೆ ತಮಟೆ ಬಡಿಯುತ್ತದೆ, ಚಟ್ಟ ಏಳುತ್ತದೆ, ಮಗಳಿಗೆ ಅಪ್ಪ ಇರುತ್ತಾನೆ. ಅನ್ನಬೇಡ ಎನ್ನಲು ಅವನು ಎದ್ದು ಬರುವುದಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಗಂಡನ ಕಿವಿಯಲ್ಲಿ ನೀರು ನಿಂತಿರುವುದು ಕಾಣಿಸಿತು. ಸೆರಗಿನ ತುದಿ ಹೊಸೆದು ಅದನ್ನು ಒರೆಸಿದಳು. ಆಮೇಲೆ ಬಟ್ಟಲು ಕೆಳಗಿಟ್ಟು ಅವನ ಕಾಲ ಬಳಿ ಕುಳಿತಳು.

"ತಪ್ಪಾಯ್ತು" ಎಂದಳು.

ದೊಡ್ಡಯ್ಯ ಕೋಲು ಹಿಡಿದು ಏಳುವುದರಲ್ಲಿದ್ದ. ಅವಳ ಮಾತು ಮುಗಿದಿರಲಿಲ್ಲ. ಅವಳು ಕೇರಿಯ ಕಡೆ ತಿರುಗಿರಲಿಲ್ಲ; ಹೆಣದ ಎರಡು ಪಾದಗಳನ್ನೂ ಹಿಡಿದುಕೊಂಡಿದ್ದಳು.

"ತಪ್ಪಾಯ್ತು, ಪಾರ್ವತಿಯಪ್ಪ. ಉಸಿರಿದ್ದೋನ್ನ ಮಣ್ಣು ಮಾಡ್ಬುಟ್ವಿ. ನೀನು ಜೈಲಾಗೆ ಉಪ್ಪಿಲ್ಲದ ಗಂಜಿ ಕುಡೀತಾ ಇದ್ದಾಗ ಇಲ್ಲಿ ನಿನ್ ತಿಥಿ ಉಂಡ್ವಿ. ಮೊದಲ್ನೇ ಹಿಡಿ ಆಕ್ದೋಳು ನಾನು." ಅಳುವಿಲ್ಲದ ಒಣ ದನಿ, ಸಂತೆಗೆ ಹೋಗುವವರಿಗೆ ಬೇಕಾದ ಸಾಮಾನು ಹೇಳಿದ ಹಾಗೆ. ಹಾಗೆಯೇ ತಲೆಯೆತ್ತಿ ಕೇಳಿದಳು: "ಎರಡ್ನೇ ಹಿಡಿ ಯಾರ್ದು ಯಜಮಾನ್ರೆ? ಗೆಪ್ತಿ ಐತಾ?"

ದೊಡ್ಡಯ್ಯ ಮತ್ತೆ ಕುಳಿತ. ಕೋಲಿನ ತುದಿಯಿಂದ ನೆಲದಲ್ಲಿ ಒಂದು ಗೆರೆ ಎಳೆದ. ಅದನ್ನು ಪಾದದಿಂದ ಒರೆಸಿದ. ಹೆಣದ ಗಲ್ಲದಿಂದ ನೀರು ತೊಟ್ಟಿಕ್ಕುವುದು ಆಗಲೇ ನಿಂತಿತ್ತು.

"ನಂದು" ಎಂದ ಕೊನೆಗೆ.

ಯಾರೂ ಅವನನ್ನು ನೋಡಲಿಲ್ಲ. ಅವನೇ ಎದ್ದು ಬಂದು ಹುಚ್ಚಯ್ಯನ ಕೊಡಕ್ಕೆ ಕೈಹಾಕಿದ. ಎಪ್ಪತ್ತರ ಕೈಗೆ ಕೊಡ ಭಾರ. ಅರ್ಧ ನೀರು ಹೆಣದ ಮೇಲೆ, ಅರ್ಧ ಅವನ ಪಂಚೆಯ ಮೇಲೆ ಬಿತ್ತು.

"ದಂಡಿನ ಮಾತು ಬ್ಯಾರೆ" ಎಂದ ಕೊಡ ಕೆಳಗಿಟ್ಟು. "ಅದು ಅಂಗೇ ಇರ್ಲಿ. ಅದ ನಾನು ಒಪ್ಪಾಕಿಲ್ಲ."

"ಒಪ್ಬ್ಯಾಡಿ" ಎಂದಳು ಸಣ್ಣಕ್ಕ.

"ಇವನು ಸತ್ತದ್ದು ಇವತ್ತೇ. ಕೇರಿಯೋರು ಕೇಳಿಸ್ಕಳಿ. ಬಡೀರ್ಲಾ ತಮಟೇನ."

ಗುಂಡಿಯ ಮಾತು ಬಂದಾಗಲೂ ಅವನೇ ಇತ್ಯರ್ಥ ಹೇಳಿದ. "ಹೊಸದು ತೋಡಿದ್ರೆ ಒಬ್ಬಂಗೆ ಎರಡು ಗುಂಡಿ ಆಯ್ತದೆ. ಬ್ಯಾಡ. ಹಳೇದ್ನೇ ತೆಗೀರಿ."

ಚಟ್ಟಕ್ಕೆ ನಾಲ್ಕನೆಯ ಹೆಗಲು ಕೊಡಲು ಯಾರೂ ಮುಂದೆ ಬರಲಿಲ್ಲ. ನಂಜಯ್ಯ ಬರಬಹುದೆಂದು ಕೇರಿಯ ತಿರುವಿನಲ್ಲಿ ಒಂದು ಗಳಿಗೆ ನಿಂತರು. ಅವನು ಹೊಲದಲ್ಲಿ ಬಗ್ಗಿ ರಾಗಿ ಕೊಯ್ಯುತ್ತಿದ್ದ; ತಮಟೆ ಹತ್ತಿರ ಬಂದಾಗ ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಇತ್ತ ಬರಲಿಲ್ಲ. ಬೆಟ್ಟಮ್ಮನ ಗಂಡನೇ ಕೆಮ್ಮುತ್ತ ಹೆಗಲು ಕೊಟ್ಟ.

ಆ ಕೇರಿಯಲ್ಲಿ ಹೆಂಗಸರೂ ಮಸಣಕ್ಕೆ ಹೋಗುತ್ತಾರೆ. ಅಪ್ಪನ ಗುಂಡಿಯ ಪಕ್ಕದ ದಿಬ್ಬದ ಮೇಲೆ ತುಂಬೆ ಗಿಡ ಬೆಳೆದಿತ್ತು. ಹುಚ್ಚಯ್ಯ ಅದನ್ನು ಕಿತ್ತು ಅಗೆಯತೊಡಗಿದ. ಮೊಣಕಾಲು ಆಳ ಹೋಯಿತು, ಸೊಂಟದ ಆಳ ಹೋಯಿತು. ಹುಲ್ಲಿಲ್ಲ, ಅಂಗಿಯ ಒಂದು ಎಳೆಯೂ ಇಲ್ಲ. ಎಲ್ಲವನ್ನೂ ಗೆದ್ದಲು ಯಾವತ್ತೋ ಒಯ್ದಿತ್ತು. ಬರೀ ಕೆಂಪು ಮಣ್ಣು. ಆಮೇಲೆ ಸನಿಕೆ ಏನಕ್ಕೋ ತಾಕಿ ಕಿಣಿ ಎಂದಿತು.

ಹುಚ್ಚಯ್ಯ ಅಗೆಯುವುದನ್ನು ನಿಲ್ಲಿಸಿದ. ಬಗ್ಗಿ ನೋಡಿದ, ಅತ್ತಿಗೆಯ ಕಡೆ ತಲೆಯೆತ್ತಿ ನೋಡಿದ. ತಮಟೆಯವರಿಗೆ ಕೈಸನ್ನೆ ಮಾಡದಿದ್ದರೂ ಬಡಿತ ತಾನಾಗಿ ನಿಂತಿತು.

ಪಾರ್ವತಿ ಗುಂಡಿಯ ಅಂಚಿಗೆ ಬಂದು ಇಣುಕಿದಳು. "ಯಾರ ಬಳೆಯವ್ವ ಇವು?"

"ನನ್ವೇ" ಎಂದಳು ಸಣ್ಣಕ್ಕ.

ಬಳೆ ಒಡೆಯಲು ಬೆಟ್ಟಮ್ಮ ಒಂದು ದುಂಡುಕಲ್ಲು ಹಿಡಿದು ಅವಳ ಪಕ್ಕಕ್ಕೆ ಬಂದಿದ್ದಳು. ಎಡಗೈ ಹಿಡಿದು, "ಕಣ್ಣು ಮುಚ್ಕಳೆ" ಎಂದಳು. ಸಣ್ಣಕ್ಕ ಮುಚ್ಚಲಿಲ್ಲ. ಕೆಳಗೆ ಹುಚ್ಚಯ್ಯ ಸನಿಕೆಯ ತುಂಬ ಮಣ್ಣೆತ್ತಿ, ಅದನ್ನು ಎಲ್ಲಿಗೆ ಸುರಿಯಬೇಕೋ ತಿಳಿಯದೆ ಹಾಗೆಯೇ ಹಿಡಿದು ನಿಂತಿದ್ದ. ಆ ಮಣ್ಣಿನಲ್ಲಿ ಹಸಿರು ಗಾಜಿನ ಚೂರುಗಳು ನಡುಹಗಲ ಬಿಸಿಲಿಗೆ, ನಿನ್ನೆ ತೊಟ್ಟವುಗಳ ಹಾಗೆ ಹೊಳೆಯುತ್ತಿದ್ದವು.