ದೀಪ ಇಳಿಸದ ಗುಂಡಿ

ಮೈದುನ ಮುನಿಕೃಷ್ಣ ಟ್ರ್ಯಾಕ್ಟರಿನಲ್ಲಿ ಮಣ್ಣು ಹೇರಿಕೊಂಡು ಬಂದಾಗ ಅತ್ತೆ ಸೌದೆ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ನನ್ನ ಗಂಡ ಕಾಂತರಾಜು ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತು ನಲವತ್ತು ದಿನವಾಗಿತ್ತು. ಆ ಗುಂಡಿಯನ್ನು ಮುಚ್ಚಲು ಮಣ್ಣು ಬಂದಿತ್ತು.

ಅದನ್ನು ಅವರು ಕಟ್ಟಿಸಿದ್ದು ಅತ್ತೆಗಾಗಿಯೇ, ಎಂಬತ್ತೊಂಬತ್ತರಲ್ಲಿ. ದೊಡ್ಡಬಳ್ಳಾಪುರದ ಡಾಕ್ಟರು ಅತ್ತೆಯ ಎದೆ ನೋಡಿ, "ಇನ್ನೂ ಹೊಗೆ ಕುಡಿದ್ರೆ ಈಯಮ್ಮ ಉಳಿಯೋದು ಕಷ್ಟ" ಅಂದಿದ್ದರು. ಎರಡು ಹಸು, ಒಂದು ಜೊತೆ ಎತ್ತು. ದಿನಾ ಬೆಳಿಗ್ಗೆ ಸಗಣಿಗೆ ಅಷ್ಟೇ ನೀರು ಬೆರೆಸಿ, ಕೈಯಲ್ಲೇ ಕದಡಿ ಗುಂಡಿಗೆ ಬಿಟ್ಟು, ಆಮೇಲೆ ಸ್ನಾನ ಮಾಡಿ ಅವರು ಹಾಲಿನ ಡೈರಿಗೆ ಹೋಗುತ್ತಿದ್ದರು. ಒಂದು ದಿನವೂ ಊರು ಬಿಟ್ಟು ಇರುವ ಹಾಗಿರಲಿಲ್ಲ. ಹೊರಗೆ ಬಂದ ಬಗ್ಗಡ ರಾಗಿ ಹೊಲಕ್ಕೆ ಹೋಗುತ್ತಿತ್ತು.

ಮೊದಲ ಸಲ ಒಲೆ ಹಚ್ಚಿದ ದಿನ ಪಕ್ಕದ ಮನೆ ಅಕ್ಕಯಮ್ಮ ಲೋಟ ಮುಟ್ಟಲಿಲ್ಲ. "ಸಗಣಿ ಕಾಫಿ ನಿಮಗೇ ಇರ್ಲಿ ಪಿಳ್ಳಮ್ಮಕ್ಕಾ!"

"ನಿನ್ನ ಕಣ್ಣಲ್ಲಿ ನೀರು, ನನ್ನ ಕಣ್ಣು ನೋಡು," ಅಂದರು ಅತ್ತೆ. ಆ ವರ್ಷ ಅವರ ಕೆಮ್ಮು ನಿಂತಿತ್ತು.

ಮೂರನೇ ವರ್ಷ ಗ್ಯಾಸು ಕಡಿಮೆಯಾಯಿತು. ಸಗಣಿಯ ಜೊತೆ ಸೇರಿದ್ದ ಹುಲ್ಲು ಮೇಲೆ ದಪ್ಪಗೆ ಗಟ್ಟಿಯಾಗಿತ್ತು. ನಾಲ್ಕು ಜನ ಸೇರಿ ಗುಂಡಿಯ ಮೇಲೆ ಗ್ಯಾಸು ಹಿಡಿಯುವ ಕಬ್ಬಿಣದ ಡ್ರಮ್ ಎತ್ತಿಟ್ಟು, ಅರ್ಧ ಗುಂಡಿ ಖಾಲಿ ಮಾಡಿದರು. ಉಳಿದದ್ದನ್ನು ತೆಗೆಯಲು ನನ್ನ ಗಂಡ ಏಣಿ ಇಟ್ಟು ಇಳಿದರು. ಅವರ ಹೆಣಕ್ಕೆ ಹಗ್ಗ ಕಟ್ಟಿ ಮೇಲೆಳೆದದ್ದು ಬಾವಿ ತೋಡುವ ಅಪ್ಪಯ್ಯಣ್ಣ.

ಅವನೇ ಈಗ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ. "ಹಳೇ ಬಾವಿಗೆ ಇಳಿಯೋಕೆ ಮುಂಚೆ ದೀಪ ಇಳಿಸಿ ನೋಡ್ತೀವಿ. ಆರಿದ್ರೆ ಇಳಿಯಲ್ಲ. ಕಾಂತಂಗೆ ಇದು ಚೆನ್ನಾಗಿ ಗೊತ್ತಿತ್ತು ಕಣಮ್ಮ. ಅವತ್ತು ಯಾಕೆ ಇಳಿಸ್ಲಿಲ್ವೋ."

ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಮಾತಾಡುವ ಮೊದಲು ಬಹಳ ಹೊತ್ತು ಕೆಮ್ಮಿದರು. "ಅದು ಬಲಿ ಕೇಳ್ತಿತ್ತು, ತಗೊಳ್ತು. ಮುಚ್ಚಿಬಿಡೋ ಮುನಿಕೃಷ್ಣ. ಹೊಗೇಲೇ ಸಾಯ್ತೀನಿ. ಅದರ ಬೆಂಕೀಲಿ ಬೇಯಿಸಿದ್ದು ನನಗೆ ಬ್ಯಾಡ."

ನಾನು ಸುಮ್ಮನಿದ್ದಿದ್ದರೆ ಗುಂಡಿ ಮುಚ್ಚಿಹೋಗುತ್ತಿತ್ತು. ಅವತ್ತು ನಾನು ಆಡಿದ ಮಾತೂ ಅದರೊಳಗೇ ಉಳಿಯುತ್ತಿತ್ತು.

"ದೀಪ ಬೇಡ ಅಂದಿದ್ದು ನಾನು, ಅತ್ತೆ," ಅಂದೆ.

ಮುನಿಕೃಷ್ಣ ಇಂಜಿನ್ ನಿಲ್ಲಿಸಿದ. "ಏನ್ ಹೇಳ್ತಿದೀರಾ ಅತ್ತಿಗೆ?"

ಹೇಳಿದೆ. ಅವತ್ತು ಅವರು ಲಾಟೀನು ಹಿಡಿದು ಹೊರಟಿದ್ದರು. ನಾನು ಬಾಗಿಲಲ್ಲಿ ತಡೆದು, ಬೆಂಕಿ ತಗುಲಿದರೆ ಎಲ್ಲ ಹೊತ್ತಿಕೊಳ್ಳುತ್ತೆ ಅಂದೆ. ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವಳ ಮಾತು. ಅವರು ನಕ್ಕು ಲಾಟೀನನ್ನು ನನ್ನ ಕೈಗೆ ಕೊಟ್ಟರು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಅಂಥ ಗುಂಡಿಗೆ ಮೊದಲು ಬುಟ್ಟಿಯಲ್ಲಿ ಕೋಳಿ ಇಳಿಸಿ ನೋಡಬೇಕು ಅಂತಲೂ ಓದಿದ್ದೆ. ಮನೆಯಲ್ಲಿ ಆರು ಕೋಳಿಗಳಿದ್ದವು. ಅದನ್ನು ಹೇಳುವ ಮೊದಲೇ ಸೀಮೆಎಣ್ಣೆ ಸ್ಟೌವಿನ ಮೇಲೆ ಹಾಲು ಉಕ್ಕಿತು. ಒಳಗೆ ಹೋದೆ.

ಅಪ್ಪಯ್ಯಣ್ಣ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅತ್ತೆ ನನ್ನನ್ನು ನೋಡಿದರು, ಆಮೇಲೆ ಗುಂಡಿಯನ್ನು.

"ಮಣ್ಣನ್ನ ತಿಪ್ಪೆ ಹತ್ರ ಸುರಿದು ಹೋಗಪ್ಪ," ಅಂದರು ಮುನಿಕೃಷ್ಣನಿಗೆ. "ಗುಂಡೀದೇನು ತಪ್ಪೈತೆ."

ನಾಲ್ಕು ಜನ ಸೇರಿ ಡ್ರಮ್ಮನ್ನು ಮತ್ತೆ ಕೂರಿಸಿದರು. ಸಗಣಿ ಕದಡುವುದು ಈಗ ನನ್ನ ಕೆಲಸ. ಉಗುರಿನ ಸಂದಿನ ಹಸಿರು ಎಷ್ಟು ತೊಳೆದರೂ ಹೋಗುವುದಿಲ್ಲ. ಮೂರು ವಾರಕ್ಕೆ ಗ್ಯಾಸು ಬಂತು. ಮುದ್ದೆ ಮಾಡಿ ಅತ್ತೆಯ ಮುಂದೆ ಇಟ್ಟೆ. ತಲೆ ಬಗ್ಗಿಸಿ ಊಟ ಮಾಡಿದರು.

ಅವರ ಉಸಿರು ಈಗ ಸಲೀಸಾಗಿದೆ. ಅಕ್ಕಯಮ್ಮನ ಜೊತೆ ಜಗಲಿಯಲ್ಲಿ ಕೂತು ಮಾತಾಡುತ್ತಾರೆ, ಹಸುಗಳ ಜೊತೆಯೂ ಮಾತಾಡುತ್ತಾರೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ನನ್ನನ್ನು ಕೇಳುವುದಿಲ್ಲ. ಮಂಡಿ ಹಿಡಿದುಕೊಂಡು ತಾವೇ ಎದ್ದು ಹೋಗಿ ತರುತ್ತಾರೆ.