ಬಿಜಲಿ ಹೊರಳಿದ ಜಾಗ

"ಕುದುರಿ ಕಟ್ರಿ, ನಂದೇನೂ ತಕರಾರಿಲ್ಲ. ಹೊಲಕ್ಕ ಲದ್ದಿ ಆತದ. ಆದ್ರ ಮಂದಿ ಬ್ಯಾಡ್ರಿ" ಎಂದ ಹೊಲದ ಮಾಲೀಕ ಮಾಣಿಕಪ್ಪ, ಹಲ್ಲಿನ ಸಂದಿಯ ಅಡಿಕೆ ಚೂರನ್ನು ನಾಲಿಗೆಯಿಂದ ಹುಡುಕುತ್ತ.

"ಮಂದಿ ಬಿಟ್ಟು ಕುದುರಿ ಹ್ಯಾಂಗ ಇರ್ತಾವ? ಅವೇ ಎದ್ದು ನೀರು ಸೇದಿ ಕುಡೀತಾವೇನು?" ಅಮೋಘಸಿದ್ದ ಲಾರಿಯ ಬಾಗಿಲನ್ನು ರಪ್ಪನೆ ಹಾಕಿದ.

"ನೋಡ್ರಿ ದೌಲಪ್ಪ, ನಿಮ್ಮ ಹುಡುಗ ಹ್ಯಾಂಗ ಮಾತಾಡ್ತಾನ! ಇಂಥವ್ರನ್ನ ಇಟ್ಕೊಂಡು ನಾ ಏನ್ ಮಾಡ್ಲಿ?"

ಬೆಳಗಿನಿಂದ ಇದು ಮೂರನೆಯ ಜಾಗ. ಕಮಲಾಪುರದ ದಾರಿಯ ಮೇಲಿನ ಢಾಬಾದವನು ಲಾರಿ ಎಷ್ಟು ದಿನ ಬೇಕಾದರೂ ನಿಲ್ಲಿಸಿಕೊಳ್ಳಿ ಎಂದ, ಕುದುರೆ ಬೇಡ, ನೊಣ ಬರುತ್ತವೆ ಎಂದ. ಕೆರೆ ದಂಡೆಯ ಹೊಲದವನಿಗೆ ಹೆಂಗಸರು ಮಕ್ಕಳು ಸರಿ, ಕುದುರೆಯೂ ಸರಿ, ಲಾರಿಯ ಗಾಲಿ ಮಾತ್ರ ತನ್ನ ಒಡ್ಡು ದಾಟಬಾರದು. ಲೋಕವೆಲ್ಲ ಸೇರಿ ತಮ್ಮನ್ನು ಹೋಳು ಮಾಡಿ ಹಂಚಿಕೊಳ್ಳಲು ಕುಳಿತಿದೆ, ಯಾರಿಗೂ ಇಡಿಯಾಗಿ ಬೇಡ ಎನ್ನಿಸಿ ಅಮೋಘಸಿದ್ದನ ಕಿವಿ ಬಿಸಿಯಾದವು.

ಕಲಬುರಗಿಯ ಸೇಡಂ ರಸ್ತೆಯ ಹಿಂದಿನ ಬಯಲಿನಲ್ಲಿ ಅವರ ನಾಲ್ಕು ಮನೆಯವರು ಅಜ್ಜನ ಕಾಲದಿಂದಲೂ ಮೆರವಣಿಗೆ ಕುದುರೆ ಕಟ್ಟಿಕೊಂಡು ಬಾಳಿದವರು. ಶಹಾಬಜಾರದ ಎಷ್ಟು ಮದುಮಕ್ಕಳು ಅವರ ಕುದುರೆ ಏರಿಲ್ಲ! ಈಗ ಆ ಬಯಲಿಗೆ ಬಿಳಿ ಬಣ್ಣ ಬಳಿದ ಪ್ಲಾಟಿನ ಕಲ್ಲು ಬಂದಿದ್ದವು. ಕಾಕಾ ದೌಲಪ್ಪ ಬೀದರ ಕಡೆಯ ದಲಾಲನಿಗೆ ಮಾತು ಕೊಟ್ಟುಬಿಟ್ಟಿದ್ದ: ಅಮಾವಾಸ್ಯೆಯೊಳಗೆ ಜಾಗ ಸಿಗದಿದ್ದರೆ ಕುದುರೆಗಳೆಲ್ಲ ನಿನ್ನವು. ಆಮೇಲೆ ಮನೆಯವರೆಲ್ಲ ಚದುರುವುದೇ, ಯಾರೋ ಸಿಮೆಂಟು ಹೊರಲು, ಯಾರೋ ಹೈದರಾಬಾದಿಗೆ. ನಾಳೆಯೇ ಅಮಾವಾಸ್ಯೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅಮೋಘಸಿದ್ದ ಗುಜರಿಗೆ ಬಿದ್ದ ಲಾರಿಯೊಂದನ್ನು ತಾನೇ ಬೆಸುಗೆ ಹಾಕಿ ಎಬ್ಬಿಸಿದ್ದ. ಮುಂದಿನ ಅರ್ಧ ಮನೆ: ತಗಡಿನ ಮಾಡು, ಹಲಗೆಯ ಮಂಚ, ಪಾತ್ರೆಗೆ ಗೂಡು. ಹಿಂದಿನ ಅರ್ಧ ಲಾಯ. ಅಲ್ಲಿ ಈಗ ಬಿಳಿ ಹೆಣ್ಣುಕುದುರೆ ಬಿಜಲಿ ನಿಂತಿತ್ತು. ಮನೆಯ ಅರ್ಧದಲ್ಲಿ ಆಯಿ, ಅವನ ಅಜ್ಜಿ ಯಮನಮ್ಮ ಕುಳಿತಿದ್ದಳು. ಉಳಿದವರು ಜಾಗ ಸಿಗಲೆಂದು ಉಳಿದ ಕುದುರೆಗಳೊಂದಿಗೆ ಬಯಲಿನಲ್ಲೇ ಕಾಯುತ್ತಿದ್ದರು.

"ಮಂದೀನ್ನ ಕೇಳೋದು ಸಾಕು ಬಿಡೋ ತಮ್ಮಾ" ಎಂದಳು ಆಯಿ ಒಳಗಿನಿಂದ. "ಕುದುರಿ ಬಿಡು."

ಅದು ಅವರಲ್ಲಿ ಹಿಂದಿನಿಂದ ಬಂದದ್ದು. ಹೊಸ ನೆಲದಲ್ಲಿ ಬಿಡಾರ ಇಳಿಸುವ ಮೊದಲು ಹಿರಿಯ ಕುದುರೆಯ ಹಗ್ಗ ಬಿಚ್ಚುವುದು. ಅದು ಎಲ್ಲಿ ಬಿದ್ದು ಹೊರಳುತ್ತದೋ ಅಲ್ಲಿಯೇ ಮೊದಲ ಗೂಟ. ಕುದುರೆಗೆ ಅದೇನು ಕಾಣುತ್ತದೆ, ಮೂಸಿ ಏನು ತಿಳಿಯುತ್ತದೆ ಎಂದು ಅಮೋಘಸಿದ್ದ ಸಣ್ಣವನಿದ್ದಾಗಿನಿಂದ ಕೇಳುತ್ತಲೇ ಬಂದಿದ್ದ. "ಕುದುರಿನ್ನೇ ಕೇಳು" ಎನ್ನುತ್ತಿದ್ದ ಕಾಕಾ. ಎಷ್ಟೋ ಸಲ ಅಮೋಘಸಿದ್ದ ತಾನೇ ಅಂಗಾತ ಮಲಗಿ ನೋಡಿದ್ದ. ಬೆನ್ನಿಗೆ ಹರಳು ಚುಚ್ಚಿದ್ದು ಬಿಟ್ಟರೆ ಮತ್ತೇನೂ ತಿಳಿದಿರಲಿಲ್ಲ.

ಊರು ದಾಟಿ, ಕೆಂಪು ಬಾಳೆಯ ತೋಟವೊಂದರ ಪಕ್ಕದ ಬೀಳು ಹೊಲದ ಹತ್ತಿರ ಲಾರಿ ನಿಂತಿತು. ತೋಟದ ಅಂಚಿಗೆ ಪಂಪಿನ ಕೋಣೆ. ಸುತ್ತ ಯಾರೂ ಕಾಣಲಿಲ್ಲ. ಹಲಗೆ ಇಳಿಸಿ ಬಿಜಲಿಯ ಹಗ್ಗ ಬಿಚ್ಚಿದರು.

ಬಿಜಲಿ ಆಕಳಿಸಿತು. ಹರಳು ತುಂಬಿದ ಗರಸು ನೆಲವನ್ನು ಮೂಸಿ ಸೀನಿತು. ಕಪ್ಪು ಎರೆಯ ಕಡೆ ಹೋಗಿ ತಿರುಗಿ ಬಂತು. ಅಮೋಘಸಿದ್ದ ಅದರ ಮೂಗಿನ ಹೊಳ್ಳೆಗಳನ್ನೇ ನೋಡುತ್ತ ಕಳ್ಳನಂತೆ ಹಿಂದೆ ಹಿಂದೆ ನಡೆದ. ಒಡ್ಡಿನ ಬದಿಯ ಬೇವಿನ ಗಿಡದ ಕೆಳಗೆ ಅದು ಮುಂಗಾಲಿನಿಂದ ಕೆದರಿತು, ಸುತ್ತು ಹಾಕಿತು, ಮೊಣಕಾಲೂರಿ ಧೊಪ್ಪನೆ ಬಿತ್ತು. ಅರ್ಧಕ್ಕೆ ನಿಲ್ಲಲಿಲ್ಲ, ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿತು.

"ಪೂರಾ ಹೊರಳ್ತು! ಆಯಿ, ಪೂರಾ!"

ದೌಲಪ್ಪನ ಮುಖದಲ್ಲಿ ತಿಂಗಳಿಂದ ಕಾಣದ ನಗು ಕಂಡಿತು. "ಎಲೇ, ನಿಮ್ಮ ಆಯಿನೂ ಇಷ್ಟು ಸುಖದಾಗ ಹೊರಳಿದ್ದಿಲ್ಲ ನೋಡು."

"ನಾ ಹೊರಳ್ಳಿಕ್ಕ ಜಾಗ ಎಲ್ಲಿ ಕೊಟ್ರೋ ನಿಮ್ಮ ಮನಿಯಾಗ?" ಎಂದಳು ಆಯಿ.

ಅಮೋಘಸಿದ್ದ ಗೂಟ ಹಿಡಿದು ಓಡಿದ. ಮಣ್ಣು ಎಷ್ಟು ಮೆತ್ತಗಿತ್ತೆಂದರೆ ಎರಡು ಏಟಿಗೇ ಗೂಟ ಗೇಣುದ್ದ ಇಳಿಯಿತು. ಮೂರನೆಯ ಏಟಿಗೆ ಸುತ್ತಿಗೆ ಎತ್ತಿದಾಗ ಬಾಳೆಯ ಸಾಲಿನಿಂದ ಹೆಂಗಸೊಬ್ಬಳು ಬಂದಳು. ನಡುವಯಸ್ಸು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕುಡುಗೋಲು.

"ಯಾರ್ ನೀವು? ಯಾರಿಗಿ ಕೇಳಿ ಬಂದ್ರಿ?"

ಮೂರು ಜಾಗದ ಸಿಟ್ಟು ಒಮ್ಮೆಲೆ ಅವನ ಬಾಯಿಗೆ ಬಂತು. "ಏನವ್ವಾ, ಕುದುರಿ ಒಂದೀಟು ಹೊರಳಿದ್ರ ನಿಮ್ಮ ಮಣ್ಣು ಸವೀತದೇನು? ಬೀಳು ಬಿಟ್ಟೀರಿ. ಇದ್ರಾಗ ಏನ್ ಬಂಗಾರ ಹುಗದೀರೇನು?"

ಅವಳು ಗೂಟವನ್ನೇ ನೋಡುತ್ತಿದ್ದಳು.

"ನಮ್ಮನಿಯವ್ರನ್ನ ಮಣ್ಣಾಗ ಇಟ್ಟೀವಪಾ ಅಲ್ಲಿ" ಎಂದಳು. "ದೀಪಾವಳಿ ಮುಂದ. ಇನ್ನಾ ಕಟ್ಟಿ ಕಟ್ಟಿಸಿಲ್ಲ."

ಅವನು ಎತ್ತಿದ ಸುತ್ತಿಗೆಯನ್ನು ಇಳಿಸಿ ಬದಿಗಿಟ್ಟ. ಕಾಲ ಕೆಳಗೆ ನೋಡಿದ. ಕುದುರೆಯ ಮೈಗೆ ಸಿಕ್ಕು ಚದುರಿದ ಮಣ್ಣಿನಲ್ಲಿ ಒಣಗಿದ ಪತ್ರಿ ಎಲೆಗಳಿದ್ದವು. ಎರಡೂ ಕೈಯಿಂದ ಗೂಟವನ್ನು ಮೆಲ್ಲಗೆ, ಸದ್ದಾಗದ ಹಾಗೆ ಕಿತ್ತ. ಆ ತೂತಿಗೆ ಬೆರಳಿನಿಂದಲೇ ಮಣ್ಣು ತುಂಬಿದ.

ದೌಲಪ್ಪ ತಲೆಯ ಪಟಕಾ ತೆಗೆದು ಕೈ ಮುಗಿದ. ಆಯಿ ಲಾರಿಯಿಂದ ಇಳಿದು ಬಂದಳು. "ತಂಗೀ, ಗೊತ್ತಿರಲಿಲ್ಲವ್ವಾ. ಮೂಕ ಪ್ರಾಣಿ. ಈಗೇ ಹೋಗ್ತೇವಿ. ಲಾರಿ ಚಾಲೂ ಮಾಡೋ."

ಹೆಂಗಸಿನ ಹೆಸರು ಭಾಗಮ್ಮ. ಅವಳು ಹೋಗಿರಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಬಿಜಲಿಯನ್ನೇ ನೋಡುತ್ತಿದ್ದಳು. "ಇಷ್ಟು ದೊಡ್ಡ ಹೊಲ ಬಿಟ್ಟು ಇಲ್ಲೇ ಯಾಕ ಹೊರಳ್ತು?"

ಅಮೋಘಸಿದ್ದನೇ ಹೇಳಿದ, ಆಗಷ್ಟೇ ಹೊಳೆದವನಂತೆ. ದನಿ ಅವನದೇ ಎನ್ನಿಸಲಿಲ್ಲ. "ಕುದುರಿ ಅಂಗಾತ ಬಿದ್ದಾಗ ಓಡ್ಲಿಕ್ಕಾಗಂಗಿಲ್ರಿ. ಅದ್ಕ... ಅಂಜಿಕಿ ಇಲ್ಲದ ಕಡೀಗಷ್ಟೇ ಹೊರಳ್ತದ."

"ಅಂಜಿಕಿ ಇಲ್ಲದ ಕಡೀಗಿ?"

"ಹೂಂ."

ಭಾಗಮ್ಮನ ಮೂಗಿನಿಂದ ಒಂದು ಸಣ್ಣ ಉಸಿರು ಹೊರಬಿತ್ತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. "ಅವ್ರು ಇದ್ದಾಗ ಈ ಒಡ್ಡಿನ ಮ್ಯಾಲ ಕಾಗಿ ಸೈತ ಕೂಡ್ತಿದ್ದಿಲ್ಲ" ಎಂದಳು. "ಒದರಿದ್ರಂದ್ರ ನಾ ಪಂಪಿನ ಕೋಣ್ಯಾಗ ಹೋಗಿ ಕುಂಡರ್ತಿದ್ದೆ."

ಆಮೇಲೆ ಕುಡುಗೋಲನ್ನು ನಡುವಿಗೆ ಸಿಕ್ಕಿಸಿ ಲಾರಿಯ ಸುತ್ತ ಒಂದು ಬಾರಿ ತಿರುಗಿದಳು. ತಗಡಿನ ಮಾಡನ್ನು ಬೆರಳಿನಿಂದ ಬಡಿದಳು. ಒಳಗೆ ಇಣುಕಿದಳು.

"ಇದ್ರಾಗೇ ಮಕ್ಕೋತೀರಿ?"

"ಮಕ್ಕೋತೀವಿ" ಎಂದಳು ಆಯಿ. "ನನ್ನ ಕಾಲ್ಮಗ್ಗಲ ಕುದುರಿ. ಅದು ಹೂಸ್ ಬಿಟ್ರ ಬೈಗುಳ ನನಗ."

"ಜಳಕಾ?"

"ಅದೊಂದೇ ತ್ರಾಸ ನೋಡು ತಂಗಿ. ಯಾರಿಗೂ ಕಾಣದಂಗ ಮರಿ ಬೇಕು."

ಭಾಗಮ್ಮ ಬಾಳೆಯ ಸಾಲಿನ ಕಡೆ ನೋಡಿದಳು. "ಪಂಪಿನ ಹಿಂದ ಮರಿ ಅದ. ಲಾರಿ ಅಲ್ಲಿ ಗರಸಿನ ಮ್ಯಾಲ ಹಚ್ಚು, ತಮ್ಮಾ. ಎರಿಯಾಗ ಇಳಿಸಿದ್ರ ಮಳಿಗಾಲಕ್ಕ ಹುಗೀತದ, ಏಳಂಗಿಲ್ಲ. ಲದ್ದಿ ಬಾಳಿ ಬುಡಕ್ಕ ಹಾಕ್ರಿ. ಕುದುರಿ ಬೇವಿನ ಗಿಡದ ಆ ಕಡೀಗಿ ಕಟ್ರಿ."

"ಮಳಿಗಾಲದ ತನಾ?" ಎಂದ ದೌಲಪ್ಪ, ಪಟಕಾ ಇನ್ನೂ ಕೈಯಲ್ಲೇ ಇತ್ತು.

ಅವಳು ಬಿಜಲಿಯ ಹತ್ತಿರ ಹೋದಳು. ಕುದುರೆ ಕಿವಿ ನಿಮಿರಿಸಿತು. ಅಮೋಘಸಿದ್ದ ಹೋಗಿ ಅದರ ಮೋರೆ ಹಿಡಿದುಕೊಂಡ. ಭಾಗಮ್ಮ ಎಡಗೈಯಿಂದ ಸೆರಗು ಒಡ್ಡಿ, ಬಲಗೈಯಿಂದ ಬಿಳಿ ಬೆನ್ನಿನ ಮೇಲಿನ ಮಣ್ಣನ್ನು ಮೆಲ್ಲಗೆ ಸೆರಗಿಗೆ ಸವರಿಕೊಳ್ಳತೊಡಗಿದಳು. ಬೆನ್ನು, ಪಕ್ಕೆ, ಕೂದಲಿನ ಸಂದಿ. ಬಿಜಲಿಯ ಚರ್ಮ ಅಲ್ಲಲ್ಲಿ ನಡುಗಿತು, ಕಾಲು ಕದಲಿಸಲಿಲ್ಲ.

ಅವಳ ಕೈಗೆ ಎಟುಕದ ಕಡೆ, ಹೊಟ್ಟೆಯ ಕೆಳಗೆ, ಇನ್ನೂ ಮಣ್ಣು ಹತ್ತಿತ್ತು. ಅಮೋಘಸಿದ್ದ ಬಗ್ಗಿ ಅಂಗೈಯಿಂದ ಉದುರಿಸಿಕೊಂಡ. ಒಂದು ಹಿಡಿಯಷ್ಟಾಯಿತು. ಕೈ ಚಾಚಿದ. ಭಾಗಮ್ಮ ಸೆರಗನ್ನು ಇನ್ನಷ್ಟು ಅಗಲ ಮಾಡಿದಳು.