ನೂರ ಅರವತ್ತೊಂದನೆಯ ದಾಳಿ

ನೂರ ಅರವತ್ತು ದಾಳಿಗಳಿಗೆ ಹೆಸರಿಟ್ಟಾಗಿತ್ತು. ಉಳಿದದ್ದು ಒಂದೇ. ಆ ಒಂದರ ಮೇಲೆ ಅತ್ತಿಗೆ, ನಾದಿನಿ ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡು ಕೂತಿದ್ದರು.

ಅಮಿತಾ ಕುಮಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಗಂಡನ ತಂಗಿ ಚಂದನಾ ಹೊನ್ನಾವರದ ತನ್ನ ಮನೆಯಿಂದಲೇ ಒಂದು ಅನುವಾದ ಕಂಪನಿಗೆ ದುಡಿಯುವವಳು. ಜಪಾನಿನ ಒಂದು ವಿಡಿಯೋ ಗೇಮ್ ಇಂಗ್ಲಿಷಿನ ದಾರಿಯಲ್ಲಿ ಕನ್ನಡಕ್ಕೆ ಬರುತ್ತಿತ್ತು. ಅದರಲ್ಲಿ ವೀರರು, ಮಾಟಗಾರರು, ಮಾತಾಡುವ ನರಿಗಳು ಊರೂರು ಅಲೆದು ಕಾದಾಡುತ್ತಾರೆ. ಒಬ್ಬೊಬ್ಬರಿಗೂ ಅವರದೇ ವಿಶೇಷ ದಾಳಿ. ಹೆಸರಿಡುವುದು ಅಮಿತಾಳ ಕೆಲಸ, ತಿದ್ದುವುದು ಚಂದನಾಳದು. ಪರದೆಯ ಮೇಲಿನ ಡಬ್ಬಿ ಸಣ್ಣದು, ಹೆಸರು ಹನ್ನೆರಡು ಅಕ್ಷರ ದಾಟುವಂತಿಲ್ಲ. ಇಟ್ಟ ಹೆಸರನ್ನು ಆಯುಧ, ಮಂತ್ರ, ಶಾಪ, ಶಮನ ಎಂಬ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕು. ಶಾಪ ಎದುರಾಳಿಯ ಮೇಲೆ, ಶಮನ ತಮ್ಮವರ ಮೇಲೆ. ತಿದ್ದುವವಳು ಏನನ್ನಾದರೂ ಅಳಿಸಿದರೆ ಪಕ್ಕದ ಖಾನೆಯಲ್ಲಿ ಕಾರಣ ಬರೆಯಲೇಬೇಕು. ಆ ಖಾನೆಯೆಂದರೆ ಚಂದನಾಳಿಗೆ ಹಬ್ಬದೂಟ.

ಒಂದೇ ಬೆಂಕಿಯ ಮೂರು ಹಂತಕ್ಕೆ ಅಮಿತಾ ಕಿಡಿ, ಕೆಂಡ, ಕಾಳ್ಗಿಚ್ಚು ಎಂದಿದ್ದಳು. ಚಂದನಾ ಬರೆದದ್ದು: 'ಗಾಂಭೀರ್ಯ ಇಲ್ಲ. ಮಹಾಪ್ರಚಂಡಜ್ವಾಲಾಸ್ಫೋಟಪ್ರಹಾರಾಸ್ತ್ರ ಎಂದರೆ ಹೇಗೆ?' ಅದು ಡಬ್ಬಿಯಲ್ಲಿ ಹಿಡಿಸಲಿಲ್ಲ. 'ಬಲೆ ಬರಿದಾಗಲಿ', 'ಒಲೆ ಆರಲಿ' ಎಂಬ ಶಾಪಗಳ ಪಕ್ಕದಲ್ಲಿ ಬರೆದದ್ದು: 'ಜಪಾನಿನ ಮಾಟಗಾತಿ ಕುಮಟೆಯ ಮೀನುಪೇಟೆಯಲ್ಲಿ ಜಗಳಕ್ಕೆ ನಿಂತ ಹಾಗಿದೆ.'

ಇವತ್ತು ನಾಲ್ಕು ಗಂಟೆಗೆ ಪಟ್ಟಿ ಹೋಗಬೇಕು. ಅದಕ್ಕೆಂದೇ ಚಂದನಾ ಭಾನುವಾರದ ಬಸ್ಸು ಹಿಡಿದು ತವರಿಗೆ ಬಂದಿದ್ದಳು. ಉಳಿದ ಆ ಒಂದು ದಾಳಿಗೆ ಕಂಪನಿ ಕಳಿಸಿದ್ದು ಒಂದು ಚಿತ್ರ, ಒಂದು ಸಾಲು. ಗುಡ್ಡದೂರಿನ ಮುದುಕಿಯೊಬ್ಬಳು ಎರಡೂ ಕೈಯ ಬೆರಳು ಹೆಣೆದು ಮುಂದಕ್ಕೆ ಚಾಚಿದ್ದಾಳೆ. 'ಬೆರಳುಗಳ ಸದ್ದು. ಗುರಿ ಒಬ್ಬರು. ಪರಿಣಾಮ ಮೂರು ಸುತ್ತು.' ಗುರಿ ಯಾರು, ತಮ್ಮವರೋ ಎದುರಾಳಿಯೋ, ಅದಿಲ್ಲ. ಕೇಳಿ ಬರೆದ ಮೇಲ್‌ಗೆ ರಜೆಯ ದಿನ ಉತ್ತರವೂ ಇಲ್ಲ.

"ನೆಟಿಗೆ ಮುರಿಯೂದು. ಶಾಪ," ಅಂದಳು ಅಮಿತಾ.

"ನೆಟಿಗೆ ಮುರಿಯೂದು ದೃಷ್ಟಿ ತೆಗೆಯೂಕೆ, ಅತ್ತಿಗೆ. ಶಮನ. ನನ್ನ ಮಗಳಿಗೆ ಆಯಿ ವಾರಕ್ಕೊಂದ್ಸಲ ಮುರೀತದೆ."

"ನಿನ್ನ ಮಗಳಿಗೆ."

ಚಂದನಾ ಲ್ಯಾಪ್‌ಟಾಪಿನಿಂದ ಕಣ್ಣು ಎತ್ತಿದಳು. "ಮತ್ತೆ ಶುರುವಾತು ನಿಂದು. ಇಪ್ಪತ್ತೊಂದು ವರ್ಷ ಆತು."

ಆಗಿತ್ತು. ಅಮಿತಾ ಮೊದಲ ಸಲ ಕೆಲಸಕ್ಕೆ ಹೊರಟ ದಿನ, ಹೊಟ್ಟೆಯಲ್ಲಿ ಐದು ತಿಂಗಳು. ಗೇಟು ದಾಟಿ ತಿರುಗಿ ನೋಡಿದರೆ ಅತ್ತೆ, ಅಂದರೆ ಚಂದನಾಳ ಆಯಿ ಹೊನ್ನಮ್ಮ, ಮೆಟ್ಟಿಲ ಮೇಲೆ ನಿಂತು ನೆಟಿಗೆ ಮುರಿಯುತ್ತಿದ್ದಳು. ಹತ್ತೂ ಬೆರಳು ಒಟ್ಟಿಗೆ ಚಟಚಟ ಅಂದದ್ದು ಗೇಟಿನವರೆಗೆ ಕೇಳಿಸಿತ್ತು. ಹತ್ತು ದಿನಕ್ಕೆ ಬಸಿರು ಇಳಿದುಹೋಯಿತು. ಮಗು ಹೋದದ್ದು ಆ ಬೆರಳುಗಳಿಂದ ಎಂದು ಅಮಿತಾ ಯಾವತ್ತೂ ನಂಬಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು, ಆ ಹೆಂಗಸು ತನಗೆ ಕೆಟ್ಟದ್ದು ಬಯಸಿದ್ದಳು ಎಂದು ಈ ಮನೆಯಲ್ಲಿ ಒಬ್ಬರಾದರೂ ಒಪ್ಪುವುದು. ಗಂಡ ಪ್ರಕಾಶ, "ಅವಳ ಕೈ ಬಾಯಿ ಹಂಗೆ, ಮನಸ್ಸಲ್ಲಿ ಎಂತದೂ ಇಲ್ಲ," ಅಂದಿದ್ದ. ಆಗ ಕಾಲೇಜು ಹುಡುಗಿಯಾಗಿದ್ದ ಚಂದನಾ, "ಮೊದಲ ದಿನ ಅಲ್ದಾ, ದೃಷ್ಟಿ ತೆಗೆದದ್ದು," ಅಂದಿದ್ದಳು. ಮನೆಯಲ್ಲಿ ನಿಂತದ್ದು ಆ ಮಾತೇ. ಮೂರು ಜನ ಒಂದೇ ಸುಳ್ಳನ್ನು ವರ್ಷಗಟ್ಟಲೆ ಹೇಳಿದರೆ ನಾಲ್ಕನೆಯವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬರುತ್ತದೆ. ಅಮಿತಾಳಿಗೂ ಬಂದಿತ್ತು.

ಚಂದನಾ 'ಶಾಪ' ಅಳಿಸಿ ಕಾರಣದ ಖಾನೆಯಲ್ಲಿ ಬರೆದಳು: 'ವೈಯಕ್ತಿಕ ದ್ವೇಷದಿಂದ ವರ್ಗೀಕರಣ ಮಾಡಬಾರದು.'

ಅಮಿತಾ ಅದನ್ನು ಓದಿದಳು. ಎದ್ದು ಫೋನು ತೆಗೆದುಕೊಂಡು ಹಿತ್ತಿಲಿಗೆ ನಡೆದಳು. "ಎಲ್ಲಿಗೆ?" ಎನ್ನುತ್ತ ಚಂದನಾ ಹಿಂದೆಯೇ ಬಂದಳು.

ಹೊನ್ನಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಬಳಚು, ಹೊಳೆಯ ಚಿಪ್ಪುಮೀನು, ಒಡೆಯುತ್ತಿದ್ದಳು. ಚಿಪ್ಪು ಒಂದು ಕಡೆ, ಮಾಂಸ ಒಂದು ಕಡೆ. ಎಪ್ಪತ್ತೆಂಟು ವರ್ಷದ ಬೆರಳುಗಳು ತಡವರಿಸುತ್ತಿರಲಿಲ್ಲ.

"ಅತ್ತೆ, ನಮ್ಮ ಆಟದ ಈ ಮುದುಕಿ ಎಂತ ಮಾಡ್ತಾ ಇದೆ, ಹೇಳಿ," ಎಂದು ಅಮಿತಾ ಫೋನಿನಲ್ಲಿ ಚಿತ್ರ ತೋರಿಸಿದಳು.

ಹೊನ್ನಮ್ಮ ಕೈ ಒರೆಸಿಕೊಳ್ಳದೆ ಕತ್ತು ಚಾಚಿ ನೋಡಿದಳು. "ನೆಟಿಗೆ ಮುರೀತಾ ಅದೆ."

"ದೃಷ್ಟಿ ತೆಗೀತಾ ಅದೆ ಅಲ್ದಾ, ಆಯಿ?" ಅಂದಳು ಚಂದನಾ.

"ಎಲ್ಲಿಯ ದೃಷ್ಟಿ? ದೃಷ್ಟಿ ತೆಗೆಯೂದಾದ್ರೆ ಎದುರಿನವರ ಕೆನ್ನೆ ಸವರ್ಕು, ಆಮೇಲೆ ಕೈ ನಮ್ಮ ಹಣೆಯ ಬದಿಗೆ ಬರ್ಕು, ಅಲ್ಲಿ ಮುರೀಕು. ಇದು ಕೈ ಚಾಚಿ ಮುರೀತಾ ಅದೆ. ಇದು ಹಾಳಾಗಿ ಹೋಗು ಅನ್ನೂದು." ಹೊನ್ನಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಸಮಾ ಮುರೀತದೆ ಮುದುಕಿ. ಕಲ್ತದ್ದು ಅದೆ."

"ನಾನು ಕೆಲಸಕ್ಕೆ ಹೊರಟ ದಿನ, ಮೆಟ್ಟಿಲ ಮೇಲೆ ನೀವು ಮುರಿದದ್ದು ಯಾವುದು?"

ಒಂದು ಬಳಚು ಕತ್ತಿಗೆ ತಾಗಿ ಬಾಯಿ ಬಿಟ್ಟಿತು. ಹೊನ್ನಮ್ಮ ಅದನ್ನು ಕೆರೆದು ಮಡಕೆಗೆ ಹಾಕಿದಳು.

"ಆಯಿ, ನೀ ಸುಮ್ನಿರು," ಅಂದಳು ಚಂದನಾ.

"ಎಂತಕೆ ಸುಮ್ನಿರ್ಕು? ಹೆದರ್ತೆನಾ ನಾನು?" ಮುದುಕಿ ಸೊಸೆಯ ಮುಖವನ್ನು ನೇರವಾಗಿ ನೋಡಿದಳು. "ಚಾಚಿಯೇ ಮುರಿದದ್ದು. ಕೆನ್ನೆ ಸವರೂಕೆ ನೀ ಯಾವತ್ತು ನನ್ನ ಹತ್ರ ಬಂದಿದ್ದೆ?"

ಅಮಿತಾಳ ಕಣ್ಣು ಸರಿಯಾಗಿಯೇ ನೋಡಿತ್ತು. ಅಷ್ಟು ಸಾಕು ಎಂದುಕೊಂಡಿದ್ದಳು ಇಷ್ಟು ವರ್ಷ. ಈಗ ಆ ಒಪ್ಪಿಗೆ ಕೈಗೆ ಸಿಕ್ಕಿದ ಮೇಲೆ ನೋಡಿದರೆ ಸಾಲುತ್ತಿರಲಿಲ್ಲ.

"ಆ ಆಟದಲ್ಲಿ ಆ ಶಾಪ ಎಷ್ಟು ದಿನ ಹತ್ತಿಕೊಂಡಿರ್ತದೆ?" ಹೊನ್ನಮ್ಮ ಕೇಳಿದಳು.

"ಮೂರು ಸುತ್ತು."

"ಮೂರೇಯಾ?" ಎಂದು ಮುದುಕಿ ತುಟಿ ಸೊಟ್ಟ ಮಾಡಿ ಇನ್ನೊಂದು ಬಳಚು ಎತ್ತಿಕೊಂಡಳು.

ಒಳಗೆ ಬಂದು ಅಮಿತಾ ವರ್ಗದ ಖಾನೆಯಲ್ಲಿ ಮತ್ತೆ 'ಶಾಪ' ಎಂದು ಹಾಕಿದಳು. ಚಂದನಾ ಬರೆದಿದ್ದ ಕಾರಣ ತಾನಾಗಿ ಅಳಿಸಿ ಆ ಖಾನೆ ಖಾಲಿಯಾಯಿತು. ಹೆಸರಿನ ಖಾನೆಯಲ್ಲಿ ನಿಧಾನವಾಗಿ ಟೈಪು ಮಾಡಿದಳು: ಹೊನ್ನಮ್ಮನ ನೆಟಿಗೆ.

"ಅಳಿಸು," ಅಂದಳು ಚಂದನಾ.

"ಹನ್ನೆರಡು ಅಕ್ಷರದ ಒಳಗೇ ಉಂಟು."

"ಅಳಿಸು ಅಂದೆ, ಅತ್ತಿಗೆ."

"ಅಳಿಸೂದು ನಿನ್ನ ಕೆಲಸ, ತಂಗಿ. ಅಳಿಸು. ಕಾರಣ ಬರಿ."

ಅಮಿತಾ ಲ್ಯಾಪ್‌ಟಾಪನ್ನು ನಾದಿನಿಯ ಕಡೆ ತಿರುಗಿಸಿ, ಕುರ್ಚಿಗೆ ಒರಗಿ ಕೂತಳು. ಗಂಟೆ ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಹಿತ್ತಿಲಿನಿಂದ ಚಿಪ್ಪು ಒಡೆಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಚಂದನಾ ಬೆರಳನ್ನು ಕೀಲಿಗಳ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

ನಾಲ್ಕು ಗಂಟೆಗೆ ಪಟ್ಟಿ ಹೋಯಿತು. 'ಹೊನ್ನಮ್ಮನ ನೆಟಿಗೆ'ಯ ಪಕ್ಕ ಕಾರಣದ ಖಾನೆ ಖಾಲಿಯೇ ಇತ್ತು.